ಮುನ್ನೂರು ಗ್ರಾಂ ಬೀಗ

ತಾಯಂದಿರಿಗೆ ಮಕ್ಕಳ ಆರೋಗ್ಯವನ್ನು ಹೇಳಿಕೊಡುವ ಕೆಲಸದಲ್ಲಿ ದೊಡ್ಡ ಓದು ಓದಿದವರಿದ್ದಾರೆ, ದೊಡ್ಡ ಸಭೆಗಳಲ್ಲಿ ಮಾತನಾಡಿದವರೂ ಇದ್ದಾರೆ. ಆದರೆ ಮೂವತ್ತೊಂದು ವರ್ಷ ಆರೋಗ್ಯ ಕೇಂದ್ರದ ಒಂದೇ ಕೋಣೆಯಲ್ಲಿ, ಒಂದೇ ಕೊಕ್ಕೆಗೆ ತಕ್ಕಡಿ ತೂಗುಹಾಕಿ, ಒಂದೇ ಮಾತನ್ನು ಪ್ರತಿ ತಾಯಿಗೂ ಹೊಸದಾಗಿ ಹೇಳಿದವರು ನಮ್ಮ ನರ್ಸಮ್ಮನವರು. "ಹೇಳಿ ಹೇಳಿ ನಾಲಿಗೆ ಸವೀತು ಕಣ್ರೇ" ಎನ್ನುತ್ತಲೇ ಮೆಟ್ಟಿಲು ಹತ್ತಿ ಬಂದು, ಮಂಡಿ ಹಿಡಿದುಕೊಂಡು ನಿಂತು, ಮತ್ತೆ ಕೈ ತೊಳೆಯುವುದರಿಂದ ಪಾಠ ಶುರುಮಾಡುತ್ತಿದ್ದರು.

ಇಪ್ಪತ್ತು ವರ್ಷಕ್ಕೂ ಮೇಲೆ ಅವರದು ಕಂಚಿನ ಕಂಠ. ಮಗುವನ್ನು ತಕ್ಕಡಿಯ ಜೋಲಿಯಲ್ಲಿ ಕೂರಿಸಿ, ಮುಳ್ಳು ನಿಂತ ಕೂಡಲೇ ತೂಕವನ್ನು ಸಾಲಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ತೂಕ ಏರಿದರೆ ಚಪ್ಪಾಳೆ, ಏರದಿದ್ದರೆ ತಾಯಿಗೆ ಬುದ್ಧಿಮಾತು. ಎಲ್ಲ ಒಳ್ಳೆಯದಕ್ಕೇ.

ಒಂಬತ್ತು ವರ್ಷದ ಹಿಂದೆ ಆ ಸಾಲಿನಲ್ಲಿ, ಏಳನೇ ತರಗತಿಗೆ ಶಾಲೆ ಬಿಟ್ಟ, ಕೇಳಿದ್ದಕ್ಕೂ ಉತ್ತರ ಕೊಡದ ಒಬ್ಬ ಎಳೆಯ ತಾಯಿ ನಿಂತಿದ್ದಳು. ಎರಡು ತಿಂಗಳಿಂದ ಅವಳ ಮಗಳಿಗೆ ಚಪ್ಪಾಳೆ ಬಿದ್ದಿರಲಿಲ್ಲ. "ಏನೇ, ಹಾಲು ಕುಡಿಸ್ತೀಯೋ, ಗಾಳಿ ಕುಡಿಸ್ತೀಯೋ?" ಎಂದು ಅತ್ತೆ ಎಲ್ಲರೆದುರು ಚುಚ್ಚಿದ್ದರು. ಈ ಸಲ ಮುಳ್ಳು ಮುಂದೆ ಹೋಯಿತು, ಚಪ್ಪಾಳೆಯೂ ಬಿತ್ತು. ಆದರೆ ಮಗುವನ್ನು ಎತ್ತುವಾಗ, ಸೊಂಟದ ಬಟ್ಟೆಯೊಳಗೆ ನರ್ಸಮ್ಮನವರ ಬೆರಳಿಗೆ ಏನೋ ಗಟ್ಟಿಯಾಗಿ ತಗುಲಿತು. ಬಾಗಿಲಿಗೆ ಹಾಕುವ ಹಿತ್ತಾಳೆಯ ಬೀಗ.

ಅವರು ಕೂಗಲಿಲ್ಲ. ತಾಯಿಯ ಕಿವಿಗೆ ಬಗ್ಗಿ ಕೇಳಿದರು: "ಮನೆಗೆ ಬೀಗ ಹಾಕದೇ ಬಂದ್ಯೇನೇ?"



ಬೀಗ ಕೈಗೆ ಸಿಗದಿದ್ದರೆ ತೂಕದ ಕಾರ್ಡಿನಲ್ಲಿ ಗೆರೆ ಏರುತ್ತಿತ್ತು, ಮಗು ಕರಗುತ್ತಿತ್ತು. ಅಂದೇ ನರ್ಸಮ್ಮನವರು ಮಗುವನ್ನು ತಾವೇ ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಹೋದರು. ಹದಿನೆಂಟು ದಿನ, ಕೆಲಸ ಮುಗಿಸಿ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಅತ್ತೆ ಬಾಯಿ ತೆರೆದಾಗ, "ಮೊದಲು ಸೊಸೆಗೆ ಹೊಟ್ಟೆ ತುಂಬ ಊಟ ಹಾಕಿ, ಅಮ್ಮಾ. ಮಾತು ಆಮೇಲೆ ಬಡಿಸೀರಂತೆ" ಎಂದರು. ಸೊಸೆಗೆ ಹೇಳಿದ್ದು ಇಷ್ಟೇ: "ತಪ್ಪು ನಿಂದಲ್ಲ ಕಣೇ, ನನ್ನ ಗಂಟಲಿಂದು."

ಮುಂದಿನ ತಿಂಗಳು ತಕ್ಕಡಿಯ ಸುತ್ತ ಹಳೆಯ ಹೊದಿಕೆಯೊಂದು ಪರದೆಯಾಯಿತು. ತೂಕ ಇನ್ನು ತಾಯಿಯ ಕಿವಿಗೆ ಮಾತ್ರ. ಆ ಕೂಗಿಗೆ ಅಂಜಿ ಬರುವುದನ್ನೇ ನಿಲ್ಲಿಸಿದ್ದ ಹನ್ನೊಂದು ಮಂದಿ ತಾಯಂದಿರು ಒಬ್ಬೊಬ್ಬರಾಗಿ ಮರಳಿದರು. ಪರದೆಯೊಳಗೆ ಮಕ್ಕಳನ್ನು ಹಿಡಿಯಲು ನರ್ಸಮ್ಮನವರು ಬೀಗದ ತಾಯಿಯನ್ನೇ ಕರೆದರು.

"ನಂಗೇನೂ ಗೊತ್ತಿಲ್ಲ, ನರ್ಸಮ್ಮ."

"ಗೊತ್ತಿರೋರು ಬೇಕಾದಷ್ಟಿದಾರೆ. ಬಾಯಿ ಮುಚ್ಕೊಂಡಿರೋರು ಬೇಕು ನಂಗೆ."

ಅವಳಿಗೆ ಬೇರೆ ಬೀಗ ತಂದುಕೊಟ್ಟು, ಹಳೆಯದನ್ನು ತಾವೇ ಇಟ್ಟುಕೊಂಡರು. ಪ್ರತಿ ಬೆಳಿಗ್ಗೆ ಮೊದಲು ಅದನ್ನು ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಮುಳ್ಳು ಮುನ್ನೂರು ಗ್ರಾಮಿಗೆ ನಿಂತರೆ ತಕ್ಕಡಿ ಸರಿ ಇದೆಯೆಂದು ಲೆಕ್ಕ. ಬೀಗ ಯಾರದೆಂದು ಕೇಳಿದವರಿಗೆ "ತಕ್ಕಡೀದು" ಎಂದರೇ ಹೊರತು, ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವಳತ್ತ ನೋಡಲಿಲ್ಲ.

ಕೆಲಸದ ಕೊನೆಯ ದಿನದ ಬೆಳಿಗ್ಗೆ ಬೀಗವನ್ನು ಅವಳ ಕೈಗಿಟ್ಟು, "ಇನ್ನು ನೀನೇ ತೂಗು. ಸಾಕಾಗಿದೆ ನಂಗೆ" ಎಂದು ಬೆಂಚಿನ ಮೇಲೆ ಕುಸಿದು ಕೂತರು. ಅವಳು ಅದನ್ನು ಕೊಕ್ಕೆಗೆ ಸಿಕ್ಕಿಸಿದಳು; ಮುಳ್ಳು ಮುನ್ನೂರಕ್ಕೇ ನಿಂತಿತು.

ಅವರು ಹೇಳದೆ ಉಳಿಸಿದ್ದನ್ನು ಅವಳೇ ಇಲ್ಲಿ ಹೇಳಿದ್ದಾಳೆ; ಇದನ್ನು ಬರೆದವಳು ಆ ತಾಯಿ, ಕಾಗುಣಿತ ತಿದ್ದಿದವಳು ಆ ಮಗಳು. ನರ್ಸಮ್ಮನವರ ಮಂಡಿಗೆ ವಿಶ್ರಾಂತಿ ಸಿಗಲಿ, ಆಯಸ್ಸು ಬೆಳೆಯಲಿ. ದಣಿವಾರಿದ ಮೇಲೆ ತಿಂಗಳಿಗೊಮ್ಮೆಯಾದರೂ ಬಂದು, ಪರದೆಯಾಚೆಯ ಬೆಂಚಿನಲ್ಲಿ ಕೂತು ಅತ್ತೆಯಂದಿರಿಗೆ ಪಾಠ ಹೇಳಲಿ. ಅಲ್ಲಿ ಅವರು ಎಷ್ಟು ಬೇಕಾದರೂ ಕೂಗಬಹುದು.