ಪಾಸ್ತಾ ಬಸಿದ ನೀರು

ನಮ್ಮತ್ತೆ ಹೈದರಾಬಾದಿಗೆ ಬರುವಾಗ ತಮ್ಮ ಊಟವನ್ನು ತಾವೇ ಕಟ್ಟಿಕೊಂಡು ಬರುತ್ತಿದ್ದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ಖಡಕ್ ಜೋಳದ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿ. ಅವರು ಕಲಬುರಗಿ ಕಡೆಯವರು, ಮೀನು ಎಂದರೇ ಮೂಗು ಮುಚ್ಚುವವರು. ನಾನು ಕರಾವಳಿಯವಳು, ಮೀನಿಲ್ಲದೆ ಅನ್ನ ಇಳಿಯದ ಮನೆಯಿಂದ ಬಂದವಳು. ಸಾಫ್ಟ್‌ವೇರ್ ಆಫೀಸಿನಲ್ಲಿ ಅವರ ಮಗನ ಪರಿಚಯವಾಗಿ, ಅದು ಮದುವೆಗೆ ಬಂದು ನಿಂತಾಗ ಅತ್ತೆ ಜಗಳವಾಡಲಿಲ್ಲ. ನನ್ನ ಅಡುಗೆಮನೆಯ ಹೊಸ್ತಿಲು ಮಾತ್ರ ದಾಟಲಿಲ್ಲ. ಚಹಾಕ್ಕೆ ವಿನಾಯಿತಿ ಇತ್ತು. ಊಟಕ್ಕೆ ಕರೆದರೆ "ನಂದು ಆಗೈತಿ" ಎನ್ನುವರು. ಜಗಳವಾಡಿದ್ದರೆ ನನಗೂ ನಾಲಿಗೆಯಿತ್ತು, ಈ ಮರ್ಯಾದೆಗೆ ಏನು ಉತ್ತರ ಕೊಡುವುದು? ಬಹಳ ನೋಯುತ್ತಿತ್ತು. ನನ್ನ ಕೈಯಡುಗೆ ಅವರು ಉಣ್ಣುವ ತನಕ ನಾನು ಅವರಿಗೆ ಸೊಸೆಯಲ್ಲ ಎಂದೇ ಅನ್ನಿಸುತ್ತಿತ್ತು.

ಆ ಸಲ ಕಣ್ಣು ತೋರಿಸಲು ಬಂದವರು, ಡಾಕ್ಟರು ಮತ್ತೆ ನೋಡಬೇಕೆಂದದ್ದರಿಂದ ಉಳಿಯಬೇಕಾಯಿತು. ರೊಟ್ಟಿ ಮುಗಿಯಿತು. ಅದೇ ಹೊತ್ತಿಗೆ ಊರೆಲ್ಲ ಬಂದ್. ನಾವಿದ್ದ ನಾರಾಯಣಗೂಡದ ಕೋಚಿಂಗ್ ಸೆಂಟರುಗಳಿಗೂ ಬೀಗ, ತರಕಾರಿ ಬಂಡಿಯ ಸುಳಿವಿಲ್ಲ. ಶನಿವಾರ ತಂದರಾಯಿತೆಂದು ಉದಾಸೀನ ಮಾಡಿದ್ದಕ್ಕೆ ಅಕ್ಕಿ ಡಬ್ಬಿ, ಹಿಟ್ಟಿನ ಡಬ್ಬಿ ಎರಡರಲ್ಲೂ ತಳ ಕಾಣುತ್ತಿತ್ತು. ಹುಣಸೆ, ಬೆಲ್ಲದಂಥವು ಬಿಟ್ಟರೆ ಉಳಿದದ್ದು ಉದ್ದನೆಯ ಪಾಸ್ತಾದ ಒಂದು ಪೊಟ್ಟಣ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಎಣ್ಣೆ. ಇವಿಷ್ಟರಲ್ಲೇ ಇಟಲಿಯವರು ಊಟ ಮುಗಿಸುತ್ತಾರೆಂದು ಆಫೀಸಿನ ಗೆಳತಿಯೊಬ್ಬಳು ಹೇಳಿಕೊಟ್ಟಿದ್ದಳು. ಪಾಸ್ತಾ ಬೇಯಿಸಿ ಬಸಿಯುವುದು, ಎಣ್ಣೆಯಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ ಹುರಿದು ಅದಕ್ಕೆ ಕಲಸುವುದು. ನಮ್ಮ ಲೆಕ್ಕದಲ್ಲಿ ಒಗ್ಗರಣೆ ಹಾಕಿದ ಶಾವಿಗೆ, ಅಷ್ಟೇ.

ಗಂಡ ಕೋಣೆಯಲ್ಲಿ ಲ್ಯಾಪ್‌ಟಾಪಿಗೆ ಅಂಟಿಕೊಂಡಿದ್ದ. ಅತ್ತೆ ಬರೀ ಚಹಾ ಕುಡಿದು ಮಲಗುವುದಾಗಿ ಸಾರಿ, ಹೊಸ್ತಿಲಾಚೆ ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಪಾಸ್ತಾ ಬೆಂದಿತು. ಜರಡಿಯನ್ನು ಬೋಗುಣಿಯ ಮೇಲಿಟ್ಟು ಬಸಿದೆ. ಬೋಗುಣಿಯಲ್ಲಿ ನಿಂತ ಮಬ್ಬು ನೀರನ್ನು ಸಿಂಕಿಗೆ ಸುರಿಯಲು ಎತ್ತಿದೆ.

"ಏ, ಚೆಲ್ಲಬ್ಯಾಡ. ಕಟ್ಟು ಯಾರರ ಚೆಲ್ತಾರೇನು?"

ಹೋಳಿಗೆಗೆ ಬೇಯಿಸಿದ ಬೇಳೆಯ ನೀರು ಅವರಿಗೆ ಕಟ್ಟು. ಅದರಿಂದ ಸಾರು ಮಾಡುತ್ತಾರೆ, ಅದನ್ನು ಚೆಲ್ಲುವವಳು ಮನೆ ಮುಳುಗಿಸುವವಳು. ನಾನು ತಿರುಗುವಷ್ಟರಲ್ಲಿ ಅತ್ತೆ ಒಳಗೆ ಬಂದು ನನ್ನ ಕೈಯಿಂದ ಬೋಗುಣಿ ಕಸಿದುಕೊಂಡಾಗಿತ್ತು. ಹೊಸ್ತಿಲು ದಾಟಿದ್ದು ಅವರ ಗಮನಕ್ಕೇ ಬಂದಿರಲಿಲ್ಲ. ನಾನು ಪಕ್ಕಕ್ಕೆ ಸರಿದೆ.

"ಹುಣಸಿಹಣ್ಣ ಎಲ್ಲೈತಿ? ಬೆಲ್ಲ?"

ಎರಡೂ ಕೊಟ್ಟೆ. ಖಾರ ಹಾಕಿದರು, ಉಪ್ಪು ಹಾಕಿದರು, ಕುದಿಸಿ ಇಂಗಿನ ಒಗ್ಗರಣೆ ಕೊಟ್ಟರು. ಪಾಸ್ತಾ ಬೇಯುವ ನೀರಿಗೆ ನಾನು ಮೊದಲೇ ಒಂದು ಹಿಡಿ ಉಪ್ಪು ಹಾಕಿದ್ದೆ. ಬಾಯಿ ತೆರೆದರೆ ಎಲ್ಲಿ ಹೊರಗೆ ಹೋಗಿಬಿಡುತ್ತಾರೋ ಎಂದು ಸುಮ್ಮನಿದ್ದೆ. ಅತ್ತೆ ಸೌಟಿನಿಂದ ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕಿದರು. ಮುಖ ಕಿವುಚಿಕೊಂಡಿತು.

"ನಿಮ್ಮೂರ ಸಮುದ್ರಾನ ತಂದು ಕುದಿಸೀಯೇನವಾ?"

"ನೀರಿಗೆ ಮೊದಲೇ ಉಪ್ಪು ಹಾಕಿದ್ದೆ, ಅತ್ತೆ."

"ಮತ್ತ ಹೇಳಬಾರದ?"

"ನೀವು ಒಳಗೆ ಬಂದಿದ್ದಿರಿ."

ಅತ್ತೆ ಒಲೆ ನೋಡಿದರು, ಪಾತ್ರೆಗಳನ್ನು ನೋಡಿದರು, ಆಮೇಲೆ ತಮ್ಮ ಪಾದಗಳನ್ನು ನೋಡಿಕೊಂಡರು. ನಾನು ಬೆಳ್ಳುಳ್ಳಿ, ಮೆಣಸಿನಕಾಯಿ ಹುರಿದು ಪಾಸ್ತಾ ಕಲಸಿದೆ. ಸಾರನ್ನು ಸಿಂಕಿಗೆ ಚೆಲ್ಲಿದವರು ಅವರೇ. ಚೆಲ್ಲಿ, ಸ್ಟ್ಯಾಂಡಿನಿಂದ ಒಂದು ತಾಟು ತೆಗೆದು ನನ್ನ ಮುಂದೆ ಹಿಡಿದರು. ಬಡಿಸಿದೆ. ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡು, "ಶಾವಿಗಿ ಭಾಳ ಉದ್ದ ಐತಿ" ಎಂದು ಗೊಣಗುತ್ತ, ಕೈಯಲ್ಲಿ ತುಂಡು ಮಾಡಿಕೊಂಡು ಪೂರ್ತಿ ಉಂಡರು. ನನಗೆ ಅಳು ಬಂತು, ಬೆಳ್ಳುಳ್ಳಿ ಘಾಟು ಎಂದೆ.

ಮುಂದಿನ ಸಲ ಬಸ್ಸಿಳಿದ ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡಾಗ ಅದು ಹಗುರವಾಗಿತ್ತು. ಒಳಗೆ ಚಟ್ನಿ ಡಬ್ಬಿ ಮಾತ್ರ.

"ರೊಟ್ಟಿ ತಂದಿಲ್ಲ ನೋಡವಾ" ಎಂದರು. "ಹಸಿವಾಗೈತಿ, ಲಗೂನ ನಡಿ."