ಬರದಾವ ಯಾರು?

ಚಿತ್ತಾಪುರದ ತಹಸೀಲ್ ಕಚೇರಿ ಎದುರಿನ ಬೇವಿನ ಮರದ ಕೆಳಗೆ ಕೂತು ನಿಜಾಮರ ಕಾಲದ ಉರ್ದು ಕಾಗದಗಳನ್ನು ಕನ್ನಡಕ್ಕೆ ಇಳಿಸಿಕೊಡುವ ಸರ್ದಾರಸಾಬರ ಹತ್ತಿರ ಅವಸರದ ಗಿರಾಕಿ ಹೋಗಲೇಬಾರದು. ಕಾಗದ ಕೈಗೆ ಬಂದರೆ ಮೊದಲು ಬೆರಳು ಒರೆಸಿಕೊಳ್ಳಬೇಕು, ಆಮೇಲೆ ಭೂತಗನ್ನಡಿ ಒರೆಸಬೇಕು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಂದವರನ್ನು ಮನದಣಿಯೆ ಬೈಯಬೇಕು. ಅಷ್ಟಾದರೂ ಓದುವುದು ತುದಿಯಿಂದ, ಸಹಿ ಇರುವ ಕಡೆಯಿಂದ. "ಏನ್ ಬರದಾನ ಅನ್ನೋದು ಆಮ್ಯಾಲ, ಮೊದಲ ಬರದಾವ ಯಾರು ನೋಡ್ರಿ" ಎನ್ನುವುದು ಅವರ ಪಾಠ. ಪೇಪರಿನ ಸುದ್ದಿಗೂ ಅದೇ ಪ್ರಶ್ನೆ, ಲಗ್ನಪತ್ರಿಕೆಗೂ ಅದೇ. ಡಾಕ್ಟರ ಚೀಟಿಯನ್ನೂ ಸಹಿ ನೋಡದೆ ನಂಬಿದವರಲ್ಲ. ಮೊನ್ನೆ ನಾಲವಾರದ ಯಂಕಮ್ಮ, ಊರ ಶಾಲೆಗೆ ತನ್ನ ಮುತ್ಯಾನ, ಅಜ್ಜನ ಹೆಸರಿಡಿಸಬೇಕೆಂದು ಪೊಲೀಸ್ ಠಾಣೆಯ ಹಳೆಯ ಕಾಗದವೊಂದನ್ನು ತಂದಳು. ಅದರಲ್ಲಿ ಮುತ್ಯಾ 'ಬಾಗಿ', ಅಂದರೆ ದಂಗೆಕೋರ. "ದೇಶದ ಸಲುವಾಗಿ ಜೇಲಿಗೆ ಹೋದಾವ್ರಿ ಕಾಕಾ, ಹಿಂಗ್ಯಾಕ ಬರದಾರ?" ಎಂದು ಆಕೆ ಕಣ್ಣೊರೆಸಿಕೊಂಡಳು. ಸರ್ದಾರಸಾಬರು ಸಹಿಯ ಮೇಲೆ ಬೆರಳಿಟ್ಟರು. "ಬರದಾವ್ರು ನಮ್ಮ ದಾದಾ, ಅಪ್ಪನ ಅಪ್ಪ, ಬೇಟಿ. ಆ ಠಾಣೆದಾಗ ಮುನ್ಷಿ ಇದ್ರು." ಯಂಕಮ್ಮ ಖಾಲಿ ಹಾಳೆಯನ್ನು ಅವರತ್ತ ಸರಿಸಿ, "ಈಗ ಬರಿಯಾವ್ರು ನೀವಿದ್ದೀರಲ್ರಿ" ಎಂದಳು. ಅವರು ಇದ್ದದ್ದನ್ನು ಇದ್ದಂತೆಯೇ, ದಂಗೆಕೋರ ಎಂದೇ ಬರೆದರು. ಸಹಿ ಹಾಕುವ ಮುನ್ನ ಮಾತ್ರ ಕೆಳಗೆ ಒಂದಿಷ್ಟು ಸೇರಿಸಿದರು: 'ಮೂಲ ಬರೆದವರು ನನ್ನ ಅಜ್ಜ. ನಾನು ಬರೆದಿದ್ದರೆ ಸ್ವಾತಂತ್ರ್ಯ ಹೋರಾಟಗಾರ ಎಂದು ಬರೆಯುತ್ತಿದ್ದೆ.'