ಮಾರಿದ ಕುರಿಯ ಒಂದು ಹಿಡಿ ಉಣ್ಣೆ

ಹೊಸೂರಿನ ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡು ಮೂರನೆಯ ದಿನಕ್ಕೆ ಮನೆಗೆ ಬಂದ ನಮ್ಮತ್ತೆ ಪಿಳ್ಳಮ್ಮ, ಕಪ್ಪು ಕನ್ನಡಕ ಹಾಕಿಕೊಂಡೇ ನೆಟ್ಟಗೆ ಹಟ್ಟಿಗೆ ನಡೆದರು. ಕಾಫಿ ಬೇಕಾ ಎಂದು ಕೇಳುತ್ತ ನಾನು ಹಿಂದೆ ಓಡಿದೆ. ಅವರು ಒಂದೊಂದೇ ಕುರಿಯ ಬೆನ್ನು ಸವರುತ್ತ ಹೋಗಿ ಮೂಲೆಯಲ್ಲಿ ನಿಂತರು.

"ಬೂದಕ್ಕ ಎಲ್ಲಿ?"

ಮಾವ ರಾಮಾಂಜಿನಪ್ಪ ತಲೆ ಕೆರೆದುಕೊಂಡರು. "ಗುಮ್ಮಳಾಪುರದೋರು ಬಂದಿದ್ರು. ಸಾಕಕ್ಕೆ ಬೇಕು ಅಂದ್ರು, ಕೊಟ್ಬುಟ್ಟೆ. ಮೇವು ಸಾಲ್ದು, ಒಂದೆರಡು ಕೊಡಾನ ಅಂತ ನೀನೇ ಅಂದಿದ್ದಲ್ಲ?"

"ಕೊಟ್ಟಿದ್ದು ಇರ್ಲಿ. ಉಣ್ಣೆ ಎಲ್ಲಿ?"

"ಅದೂ... ಲಗೇಜ್ ಆಟೊ ಕೆರೆ ಏರಿ ದಾಟಿದ್ ಮ್ಯಾಲೆ ಗ್ಯಾನ ಬಂತು ಕಣೆ."

ಅತ್ತೆ ಬೈಯಲಿಲ್ಲ. ಬೈದಿದ್ದರೆ ಮಾವ ಅಂದು ನೆಮ್ಮದಿಯಾಗಿ ಉಣ್ಣುತ್ತಿದ್ದರು.

ನಮ್ಮ ಮನೆಯಲ್ಲಿ ಕುರಿ ಮಾರಿದರೆ, ಹಗ್ಗ ಕೈ ಬದಲಾಗುವ ಮುಂಚೆ ಅದರ ಬೆನ್ನಿಂದ ಒಂದು ಹಿಡಿ ಉಣ್ಣೆ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಕುರಿಯ ಜೊತೆ ಹಟ್ಟಿಯ ಲಕ್ಷ್ಮಿ ಹೊರಟುಹೋಗಬಾರದು ಎಂದು. ಹಿಂದೆ ಆ ಉಣ್ಣೆಯನ್ನು ಹಟ್ಟಿಯ ಹುಲ್ಲಿನ ಸೂರಿಗೆ ಸಿಕ್ಕಿಸುತ್ತಿದ್ದರಂತೆ. ಹನ್ನೆರಡು ವರ್ಷದ ಹಿಂದೆ ಮಾವ ಹುಲ್ಲು ತೆಗೆಸಿ ತಗಡು ಹೊದಿಸಿದರು. ತಗಡಿಗೆ ಉಣ್ಣೆ ಸಿಕ್ಕಿಸುವುದಾದರೂ ಹೇಗೆ? ಅತ್ತೆ ಒಂದು ಕರಿ ಕಂಬಳಿಯನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಅಲ್ಲಿಂದ ಶುರುವಾಯಿತು ಅವರ ಕಲೆ. ಕಲೆ ಅಂದರೆ ಅವರಿಗೆ ಸಿಟ್ಟು ಬರುತ್ತದೆ, ಹಾಗಾಗಿ ಇಲ್ಲಿ ಮಾತ್ರ ಅನ್ನುತ್ತೇನೆ.

ಉಣ್ಣೆಯನ್ನು ತೊಳೆದು, ಬೆರಳಲ್ಲೇ ಹಿಂಜಿ, ಹುಣಸೆ ಬೀಜದ ಗಂಜಿ ಸವರಿ, ಅಂಗೈಯಗಲದ ಕುರಿಯಾಗಿ ಕಂಬಳಿಯ ಮೇಲೆ ಒತ್ತುತ್ತಾರೆ. ಒಣಗಿದ ಮೇಲೆ, ಅದೇ ಉಣ್ಣೆಯನ್ನು ತೊಡೆಯ ಮೇಲೆ ಹೊಸೆದು ದಾರ ಮಾಡಿ ಸುತ್ತಲೂ ಹೊಲಿಯುತ್ತಾರೆ. ಮಾರಿದ ಮೂವತ್ತೊಂದು ಕುರಿಗಳು ಅಲ್ಲಿವೆ. ಒಂದರ ಕಿವಿ ಮಡಚಿದೆ, ಒಂದು ಹಿಂದಕ್ಕೆ ತಿರುಗಿ ನೋಡುತ್ತಿದೆ, ಒಂದು ಪಕ್ಕದವಳ ಬಾಲ ಮೂಸುತ್ತಿದೆ. ಬದುಕಿದ್ದಾಗಲೂ ಅದಕ್ಕೆ ಅದೇ ಚಾಳಿ. ಕರಿ ಕಂಬಳಿಯ ಮೇಲೆ ಕರಿ ಕುರಿ ಕಾಣುತ್ತದಾ ಎಂದು ನಾನು ಹೊಸದರಲ್ಲಿ ನಕ್ಕಿದ್ದೆ. "ಬೆಳಗ್ಗೆ ಬಿಸ್ಲು ಬಿದ್ದಾಗ ನೋಡು" ಅಂದಿದ್ದರು. ನೋಡಿದೆ, ಕಾಣುತ್ತದೆ.

ನಾನು ಫ್ಯಾಕ್ಟರಿ ಬಸ್ಸು ಹಿಡಿಯಲು ಐದಕ್ಕೆ ಏಳುವಷ್ಟರಲ್ಲಿ ಅತ್ತೆ ಹಿಕ್ಕೆ ಗುಡಿಸಿ, ಮರಿಗಳಿಗೆ ಹಾಲು ಕುಡಿಸಿ ಮುಗಿಸಿರುತ್ತಾರೆ. ಬೂದಕ್ಕನನ್ನು ಸಾಕಿದ್ದೂ ಹಾಗೆಯೇ. ಹುಟ್ಟಿದ ದಿನವೇ ತಾಯಿ ಸತ್ತ ಮರಿ ಅದು, ಮೈಯೆಲ್ಲ ಒಲೆಯ ಬೂದಿಯ ಬಣ್ಣ. ಬಾಟಲಿಯಲ್ಲಿ ಹಾಲು ಕುಡಿಸಿ, ತಮ್ಮ ಸೆರಗಿನ ಮೇಲೆ ಮಲಗಿಸಿ ಬೆಳೆಸಿದರು. ಈಗ ಅದರ ಗುರುತಿಗೆ ಮನೆಯಲ್ಲಿ ಒಂದು ಎಳೆಯೂ ಇರಲಿಲ್ಲ.

"ಲಕ್ಸ್ಮಿ ಓದ್ರೆ ಓಗ್ಲಿ ನಾಗವೇಣಿ, ಅವ್ಳ್ ಗುರ್ತು ಬೇಕು ನಂಗೆ" ಅಂದರು ನನ್ನ ಕಡೆ ತಿರುಗಿ. ಕಂಬಳಿಯ ಮೇಲಿನ ಸಾಲಿನ ಕೊನೆಗೆ ಒಂದು ಕುರಿಯಷ್ಟು ಜಾಗ ಬಿಟ್ಟು ಸುಣ್ಣದಲ್ಲಿ ಗೆರೆ ಎಳೆದರು.

ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದ ಹದಿನೈದು ದಿನವನ್ನು ಬೆರಳಲ್ಲಿ ಎಣಿಸಿ ಕಳೆದರು. ಹದಿನಾರನೆಯ ದಿನ ಭಾನುವಾರ. ನನ್ನ ಸ್ಕೂಟಿಯ ಹಿಂದೆ ಕಪ್ಪು ಕನ್ನಡಕ ಹಾಕಿ ಕೂತ ಅತ್ತೆಯನ್ನು ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡಿದರು. ತಳಿ ಊರು ದಾಟಿ ಗುಮ್ಮಳಾಪುರ ಸೇರಿ ವಿಚಾರಿಸಿದಾಗ ಕುರಿ ಕೊಂಡವರ ಮನೆ ಸಿಕ್ಕಿತು. ಮನೆಯ ಯಜಮಾನಿ ಆದಿಲಕ್ಷ್ಮಿ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಬಂದ ಕಾರಣ ಕೇಳಿದ ಮೇಲೆ ಮಾತ್ರ ಮುಖ ಸಣ್ಣದು ಮಾಡಿದಳು.

"ತೆಪ್ಪು ತಿಳ್ಕಾಬ್ಯಾಡಕ್ಕ. ಅರಿಸ್ನ ಕುಂಕ್ಮ ಇಟ್ಟು ಅಟ್ಟಿಗೆ ಕರ್ಕಂಡಿವ್ನಿ. ಇನ್ನು ಅದ್ರ ಒಂದು ಎಳೆನೂ ಆಚೆಗೆ ಕೊಡಾಕಿಲ್ಲ. ಕೊಟ್ರೆ ನಮ್ಮನೆ ಲಕ್ಸ್ಮಿ ನಿಮ್ಮನೆಗೆ ವಾಪಸ್ ಬಂದಂಗೆ."

ನನಗೆ ಮೈ ಉರಿಯಿತು. ಒಂದು ಹಿಡಿ ಉಣ್ಣೆಗೆ ಇಷ್ಟು ಬಿಗುಮಾನವಾ ಎಂದು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಅದುಮಿದರು. "ಅವ್ಳು ಏಳಾದು ಸರಿಯಾಗೈತೆ. ನಾನಾಗಿದ್ರೂ ಕೊಡ್ತಿರ್ನಿಲ್ಲ."

"ನೋಡ್ಕಂಡಾದ್ರೂ ಓಗಕ್ಕ" ಎಂದು ಆದಿಲಕ್ಷ್ಮಿ ಹಿತ್ತಲಿಗೆ ಕರೆದಳು. ಅತ್ತೆ ನಾಲಗೆಯಲ್ಲಿ ಒಂದು ಸದ್ದು ಮಾಡಿದರು. ಹತ್ತಿಪ್ಪತ್ತು ಕುರಿಗಳ ನಡುವಿನಿಂದ ಬೂದಕ್ಕ ನುಗ್ಗಿ ಬಂದು ಅವರ ಸೆರಗಿಗೇ ಬಾಯಿ ಹಾಕಿತು. ಹೊಟ್ಟೆ ಇಳಿಬಿದ್ದಿತ್ತು, ಗಬ್ಬ. ಅತ್ತೆ ಕೂತು ಅದರ ಕಿವಿಯ ಬುಡ ಕೆರೆದರು. ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಅದು ಆಪರೇಷನ್ನಿನ ನೀರಲ್ಲ ಎಂದು ಗೊತ್ತಾಗಲು ಡಾಕ್ಟರೇ ಆಗಬೇಕಿಲ್ಲ. ನನಗೆ ತಡೆಯಲಾಗಲಿಲ್ಲ. ಪಕ್ಕದ ಮುಳ್ಳುಬೇಲಿಯಲ್ಲಿ ಬೂದಿ ಬಣ್ಣದ ಉಣ್ಣೆ ಸಿಕ್ಕಿಕೊಂಡಿತ್ತು. ನಾನೇನು ಕುರಿಯಿಂದ ಕಿತ್ತೆನಾ? ಬೇಲಿಯದು. ಮೆಲ್ಲಗೆ ಬಿಡಿಸಿ ಪರ್ಸಿಗೆ ಹಾಕಿಕೊಂಡೆ.

ತಳಿಯ ಹತ್ತಿರ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಅದನ್ನು ಅತ್ತೆಯ ಕೈಗಿಟ್ಟೆ. ಅವರು ಮೂಗಿಗೆ ಹಿಡಿದು ವಾಸನೆ ನೋಡಿ, ಮುಷ್ಟಿ ಬಿಗಿದು ಕೂತರು. ಟೀ ಆರಿತು.

"ಮುಚ್ಚಿಡಿ ಅತ್ತೆ. ಇವತ್ತೇ ಅಂಟ್ಸಿ, ಜಾಗ ಬಿಟ್ಟಿದೀರಲ್ಲ" ಅಂದೆ.

"ಆ ಕಂಬ್ಳಿ ಮ್ಯಾಲಿರೋರೆಲ್ಲ ಯಾರು ಗೊತ್ತಾ ನಿಂಗೆ?" ಎಂದರು ನಿಧಾನವಾಗಿ. "ಮೂವತ್ತೊಂದೂ ಕಟುಕ್ರ ಕತ್ತಿಗೆ ಓದೋರು ಕಣಮ್ಮ. ಒಬ್ರೂ ಉಳೀನಿಲ್ಲ. ಇವ್ಳೊಬ್ಳು ನಾಕು ಕಾಲ್ ಮ್ಯಾಲೆ ನಿಂತವ್ಳೆ, ಬಸ್ರಿ ಬ್ಯಾರೆ. ಬದ್ಕಿರೋಳ್ನ ಕರ್ಕಂಡೋಗಿ ಆ ಸಾಲ್ನಾಗೆ ನಿಲ್ಸ್ಲಾ? ತಿರುಗ್ಸು ಗಾಡೀನ."

ತಿರುಗಿಸಿದೆ. ಹೆಲ್ಮೆಟ್ಟಿನೊಳಗೆ ಅತ್ತರೆ ಒರೆಸಿಕೊಳ್ಳುವುದು ಎಷ್ಟು ಕಷ್ಟ ಎಂದು ಅಂದು ತಿಳಿಯಿತು. ಆದಿಲಕ್ಷ್ಮಿಯ ಮುಂದೆ ಕಳ್ಳಿಯಂತೆ ನಿಂತು ಉಣ್ಣೆ ಕೊಟ್ಟಾಗ ಅವಳು ಬೈಯುತ್ತಾಳೆಂದುಕೊಂಡೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಗಾಡಿಯ ಬಳಿ ನಿಂತಿದ್ದ ಅತ್ತೆಯ ಕಾಲು ಮುಟ್ಟಿದಳು.

ಆಮೇಲೆ ಇನ್ನೆರಡು ಟಗರು ಮಾರಿದೆವು. ಎರಡನ್ನೂ ಅತ್ತೆ ಸುಣ್ಣದ ಗೆರೆ ಬಿಟ್ಟು ಅದರಾಚೆ ಹೊಲಿದಿದ್ದಾರೆ. ಮನೆಗೆ ಬಂದವರು ನಡುವಿನ ಖಾಲಿ ಜಾಗ ನೋಡಿ, ಉಣ್ಣೆ ಬಿದ್ದುಹೋಯಿತಾ ಎಂದು ಕೇಳುತ್ತಾರೆ.

"ಇಲ್ಲ ಕಣಪ್ಪ" ಅನ್ನುತ್ತಾರೆ ಅತ್ತೆ. "ಅವ್ಳು ಮೇಯಕ್ಕೋಗವ್ಳೆ."